ಕೊಂದವರ ಹೆಸರಿಲ್ಲದ ಕಲ್ಲು: ಮೌಂಟನ್ ಮೆಡೋಸ್, 1857

ದೂರದ_ಗಾಡಿ:

ಕಳೆದ ತಿಂಗಳು ಅಮ್ಮ ಹಾಸನದಿಂದ ಬಂದಿದ್ದರು. ಅವರಿಗೆ ಯೂಟಾ ರಾಜ್ಯದ ಝಯಾನ್ ಕಣಿವೆ ತೋರಿಸಿ, ಸೇಂಟ್ ಜಾರ್ಜ್ ಊರಿನಿಂದ ಉತ್ತರಕ್ಕೆ 18ನೇ ಸಂಖ್ಯೆಯ ರಾಜ್ಯ ಹೆದ್ದಾರಿ ಹಿಡಿದು ಹೋಗುತ್ತಿದ್ದಾಗ ‘ಮೌಂಟನ್ ಮೆಡೋಸ್’ ಎಂಬ ಫಲಕ ಕಂಡಿತು. ಬೆಟ್ಟದ ಹುಲ್ಲುಗಾವಲು ಎಂದು ಅರ್ಥ. ಅಮ್ಮ ಕಾಲು ಚಾಚಬೇಕು ಎನ್ನುತ್ತಿದ್ದರು, ಕಾರು ಒಳಗೆ ತಿರುಗಿಸಿದೆ.

ಗುಡ್ಡದ ಮೇಲೆ ಗ್ರಾನೈಟ್ ಗೋಡೆ, ಅದರ ತುಂಬ ಹೆಸರುಗಳು. ಏನು ಬರೆದಿದೆ ಓದು ಎಂದರು. ಕನ್ನಡಕ್ಕೆ ತಿರುಗಿಸುತ್ತ ಓದಿದೆ: 1857ರ ಸೆಪ್ಟೆಂಬರ್ 7ರಿಂದ 11ರ ನಡುವೆ, ಕೆಳಗಿನ ಕಣಿವೆಯಲ್ಲಿ, ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದ ಆರ್ಕನ್ಸಾದ 120ಕ್ಕೂ ಹೆಚ್ಚು ವಲಸಿಗರ ತಂಡ ದಾಳಿಗೆ ಒಳಗಾಯಿತು, ಇತಿಹಾಸದಲ್ಲಿ ಇದನ್ನು ಮೌಂಟನ್ ಮೆಡೋಸ್ ಹತ್ಯಾಕಾಂಡ ಎನ್ನುತ್ತಾರೆ. ಅಮ್ಮ ಸ್ವಲ್ಪ ಹೊತ್ತು ಕಣಿವೆಯನ್ನೇ ನೋಡುತ್ತಿದ್ದು, “ಯಾರು ಕೊಂದರಂತೆ?” ಎಂದರು. ನಾನು ಇನ್ನೊಮ್ಮೆ ಓದಿದೆ. ಆ ಕಲ್ಲಿನಲ್ಲಿ ಅದು ಇರಲಿಲ್ಲ.

ಮನೆಗೆ ಬಂದು ಮೂರು ವಾರ ಓದಿದ್ದೇನೆ. ತಿಳಿದಷ್ಟು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ಸೆಪ್ಟೆಂಬರ್ 7ರ ಬೆಳಗಿನ ಜಾವ ತಂಡದ ಮೇಲೆ ಗುಂಡು ಹಾರಿದವು. ವಲಸಿಗರು ಗಾಡಿಗಳನ್ನು ವೃತ್ತಾಕಾರದಲ್ಲಿ ನಿಲ್ಲಿಸಿ, ಚಕ್ರಗಳನ್ನು ಮಣ್ಣಿನಲ್ಲಿ ಹೂತು ತಡೆದು ನಿಂತರು. ಮುತ್ತಿಗೆ ಐದು ದಿನ ನಡೆಯಿತು. ನೀರಿನ ಒರತೆ ಕಣ್ಣಿಗೆ ಕಾಣುವಷ್ಟು ಹತ್ತಿರ, ತರಲು ಹೋದರೆ ಗುಂಡು. 11ನೆಯ ತಾರೀಕು ಶುಕ್ರವಾರ ಬಿಳಿ ಬಾವುಟ ಹಿಡಿದುಕೊಂಡು ಜಾನ್ ಡಿ. ಲೀ ಬಂದ. ಆತ ಮಾರ್ಮನ್, ಅಂದರೆ ಜೋಸೆಫ್ ಸ್ಮಿತ್ ಸ್ಥಾಪಿಸಿದ ಕ್ರೈಸ್ತ ಪಂಗಡದವನು; ಸ್ಥಳೀಯ ಸೇನಾದಳದ ಮೇಜರ್, ಇಂಡಿಯನ್ನರು ಎಂದು ಕರೆಯುತ್ತಿದ್ದ ಆ ಭಾಗದ ಮೂಲನಿವಾಸಿಗಳಿಗೆ ಬೇಸಾಯ ಕಲಿಸಲು ಸರ್ಕಾರ ನೇಮಿಸಿದ್ದ ಅಧಿಕಾರಿ. ಆಯುಧ ಕೆಳಗಿಡಿ, ಇಂಡಿಯನ್ನರಿಂದ ಪಾರು ಮಾಡಿ ನಿಮ್ಮನ್ನು ಸೀಡರ್ ಸಿಟಿಗೆ ಕರೆದೊಯ್ಯುತ್ತೇವೆ ಎಂದ. ಗಾಯಾಳುಗಳು ಮತ್ತು ಎಳೆಯ ಮಕ್ಕಳು ಗಾಡಿಯಲ್ಲಿ ಮುಂದೆ; ಅವರ ಹಿಂದೆ ಹೆಂಗಸರು, ದೊಡ್ಡ ಮಕ್ಕಳು; ಕೊನೆಗೆ ಗಂಡಸರು, ಒಬ್ಬೊಬ್ಬರ ಪಕ್ಕದಲ್ಲೂ ಕೋವಿ ಹಿಡಿದ ಒಬ್ಬೊಬ್ಬ ಕಾವಲುಗಾರ. ಸ್ವಲ್ಪ ದೂರ ನಡೆದ ಮೇಲೆ ನಿಲ್ಲಿ ಎಂಬ ಆಜ್ಞೆ ಕೇಳಿತು. ಕಾವಲುಗಾರ ಪಕ್ಕದಲ್ಲಿದ್ದವನಿಗೆ ಗುಂಡಿಟ್ಟ. ಸುಮಾರು 120 ಜನ ಸತ್ತರು. ಕಂಡದ್ದನ್ನು ಹೇಳುವ ವಯಸ್ಸಿಲ್ಲದ 17 ಮಕ್ಕಳನ್ನು ಉಳಿಸಿಕೊಂಡರು.

ಇಷ್ಟರಲ್ಲಿ ದೊಡ್ಡ ಜಗಳವಿಲ್ಲ. ‘ಯಾರು’ ಎಂದು ಕೇಳಿದ ಕೂಡಲೇ ಜಗಳ. ಒಬ್ಬರ ಪುಸ್ತಕದಲ್ಲಿ ಲೀ, ಇನ್ನೊಬ್ಬರಲ್ಲಿ ಸೀಡರ್ ಸಿಟಿಯ ಮುಖಂಡ ಐಸಾಕ್ ಹೈಟ್, ಮತ್ತೊಬ್ಬರಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ಕೂತಿದ್ದ ಬ್ರಿಗಮ್ ಯಂಗ್. ಹಳೆಯ ಪುಸ್ತಕಗಳಲ್ಲಿ ಪಯೂಟ್ ಇಂಡಿಯನ್ನರು. ಅಮ್ಮನಿಗೆ ಏನು ಹೇಳಲಿ?

ಸಂಶಯಾತ್ಮ:

ಬ್ರಿಗಮ್ ಯಂಗ್ ಎಂದು ಹೇಳಿ, ಮುಗಿಯಿತು. ಮಾರ್ಮನ್ ಚರ್ಚಿನ ಅಧ್ಯಕ್ಷ ಅವನೇ, ಆ ಪ್ರಾಂತದ ರಾಜ್ಯಪಾಲ ಅವನೇ, ಇಂಡಿಯನ್ ವ್ಯವಹಾರಗಳ ಮೇಲ್ವಿಚಾರಕನೂ ಅವನೇ. ಅಂಥ ಕಡೆ ಕೆಳಗಿನವರು ಐದು ದಿನ ಮುತ್ತಿಗೆ ಹಾಕಿ, ಸಭೆ ಸೇರಿ, ಯೋಜನೆ ಮಾಡಿ ನೂರಿಪ್ಪತ್ತು ಜನರನ್ನು ಕೊಂದದ್ದು ಮೇಲಿನವನಿಗೆ ಗೊತ್ತಿಲ್ಲದೆ ನಡೆಯಿತೆಂದರೆ ನಂಬುವುದು ಹೇಗೆ?

1861ರಲ್ಲಿ ಅವನು ಆ ಜಾಗಕ್ಕೆ ಬಂದ. ಅದಕ್ಕೂ ಎರಡು ವರ್ಷ ಮೊದಲು ಮೇಜರ್ ಕಾರ್ಲ್ಟನ್ ಎಂಬ ಸೇನಾಧಿಕಾರಿ ಚದುರಿ ಬಿದ್ದಿದ್ದ ಮೂಳೆಗಳನ್ನು ಹೂಳಿಸಿ, ಮೇಲೆ ಕಲ್ಲು ಪೇರಿಸಿ, ಮರದ ಶಿಲುಬೆ ನಿಲ್ಲಿಸಿದ್ದ. ಶಿಲುಬೆಯ ಮೇಲೆ ಬೈಬಲಿನ ಮಾತು: ಸೇಡು ನನ್ನದು, ನಾನೇ ತೀರಿಸುತ್ತೇನೆ ಎನ್ನುತ್ತಾನೆ ಕರ್ತನು. ಯಂಗ್ ಅದನ್ನು ಓದಿ ಏನೆಂದ ಗೊತ್ತೇ? ಸೇಡು ನನ್ನದು, ಸ್ವಲ್ಪ ತೀರಿಸಿಕೊಂಡಿದ್ದೇನೆ ಎಂದನಂತೆ. ಬರೆದಿಟ್ಟವರು ವಿರೋಧಿಗಳಲ್ಲ, ಅವನ ಜೊತೆಯಲ್ಲೇ ಇದ್ದ ವಿಲ್ಫರ್ಡ್ ವುಡ್ರಫ್, ಮುಂದೆ ಚರ್ಚಿನ ಅಧ್ಯಕ್ಷರಾದವರು. ಆಮೇಲೆ ಆ ಕಲ್ಲಿನ ರಾಶಿಯನ್ನೂ ಕೆಡವಿದರು.

ಬೆಳಗಿನ_ಮಂಜು:

ನಾನು ಬೆಂಗಳೂರಿನವಳು, ಹನ್ನೊಂದು ವರ್ಷದಿಂದ ಈ ಚರ್ಚಿನ ಸದಸ್ಯೆ. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಯಾರಾದರೂ ಹುಡುಕಿ ತೆಗೆದು ‘ಅದಕ್ಕೇ’ ಎನ್ನುತ್ತೀರಿ.

ಸಂಶಯಾತ್ಮ ಅವರೇ, ನೀವು ಒಂದು ಕುದುರೆಯನ್ನು ಬಿಟ್ಟಿರಿ. ಮೊದಲ ದಾಳಿಯ ದಿನವೇ ಸೀಡರ್ ಸಿಟಿಯಿಂದ ಜೇಮ್ಸ್ ಹ್ಯಾಸ್ಲಮ್ ಎಂಬ ಸವಾರ ಸಾಲ್ಟ್ ಲೇಕಿಗೆ ಹೊರಟ, ಏನು ಮಾಡಬೇಕೆಂದು ಕೇಳಲು. ಸುಮಾರು 250 ಮೈಲಿ. 10ನೆಯ ತಾರೀಕು ತಲುಪಿದ. ಯಂಗ್ ಅದೇ ದಿನ ಉತ್ತರ ಬರೆಸಿದರು: ವಲಸಿಗರ ತಂಡಗಳ ತಂಟೆಗೆ ಹೋಗಬೇಡಿ. ಹ್ಯಾಸ್ಲಮ್ ವಾಪಸು ಬಂದದ್ದು 13ರಂದು. ಎರಡು ದಿನ ತಡ. ಪತ್ರದ ಪ್ರತಿ ಯಂಗ್ ಕಚೇರಿಯ ಪತ್ರಪುಸ್ತಕದಲ್ಲಿ ಇಂದಿಗೂ ಇದೆ. ಕೊಲ್ಲಿಸಬೇಕೆಂದಿದ್ದವರು ಬಿಟ್ಟುಬಿಡಿ ಎಂದು ಬರೆಸಿ, ಕುದುರೆ ಸವಾರನನ್ನು ಓಡಿಸುತ್ತಾರೆಯೇ?

ಸಂಶಯಾತ್ಮ:

ಪತ್ರದ ಮುಂದಿನ ವಾಕ್ಯವನ್ನೂ ಹೇಳಿ ಮೇಡಂ. ಇಂಡಿಯನ್ನರು ತಮಗೆ ತೋಚಿದಂತೆ ಮಾಡುತ್ತಾರೆಂದು ನಾವು ನಿರೀಕ್ಷಿಸುತ್ತೇವೆ, ನೀವು ಅವರೊಂದಿಗೆ ಸ್ನೇಹ ಕಾಯ್ದುಕೊಳ್ಳಿ ಎಂದೂ ಇದೆ. ಸೆಪ್ಟೆಂಬರ್ 1ರಂದು, ಅಂದರೆ ದಾಳಿಗೆ ಆರು ದಿನ ಮೊದಲು, ಯಂಗ್ ಸಾಲ್ಟ್ ಲೇಕಿನಲ್ಲಿ ದಕ್ಷಿಣದ ಇಂಡಿಯನ್ ಮುಖಂಡರನ್ನು ಭೇಟಿಯಾಗಿದ್ದ. ದಕ್ಷಿಣದ ದಾರಿಯಲ್ಲಿ ಹೋಗುವ ದನಗಳೆಲ್ಲ ನಿಮ್ಮವು ಎಂದನೆಂದು ದುಭಾಷಿ ಡಿಮಿಕ್ ಹಂಟಿಂಗ್ಟನ್ ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ದನ ನಿಮ್ಮವು ಎಂದರೆ ದನದ ಒಡೆಯ ಸುಮ್ಮನಿರುತ್ತಾನೆಯೇ?

ಹಳೆಕಡತ:

ಇಬ್ಬರೂ ಅರ್ಧರ್ಧ ಹಿಡಿದು ಎಳೆದಾಡುತ್ತಿದ್ದೀರಿ. ಸೆಪ್ಟೆಂಬರ್ 1ರಂದು ಸಾಲ್ಟ್ ಲೇಕಿನಲ್ಲಿದ್ದ ಮುಖಂಡರು 7ರ ಬೆಳಗಿನ ಜಾವ ಮೌಂಟನ್ ಮೆಡೋಸಿನಲ್ಲಿ ಇರಬೇಕಾದರೆ ಎಷ್ಟು ವೇಗವಾಗಿ ಹೋಗಬೇಕಿತ್ತು ಎಂದು ಮೊದಲು ಲೆಕ್ಕ ಹಾಕಿ. ಹಾಗೆಂದು ಯಂಗ್ ಕೈ ತೊಳೆದುಕೊಳ್ಳುವ ಹಾಗೂ ಇಲ್ಲ. ಆ ಬೇಸಿಗೆಯಲ್ಲಿ ಅಲ್ಲಿ ಬೀಸುತ್ತಿದ್ದ ಗಾಳಿಗೆ ದೊಡ್ಡ ಪಾಲು ಅವರದ್ದೇ.

1857ರ ಜುಲೈ 24. ಮಾರ್ಮನರು ಆ ಕಣಿವೆಗೆ ಬಂದು ಸರಿಯಾಗಿ ಹತ್ತು ವರ್ಷ. ಬೆಟ್ಟದ ಮೇಲೆ ಉತ್ಸವ ಮಾಡುತ್ತಿರುವಾಗ ಅಧ್ಯಕ್ಷ ಬ್ಯುಕಾನನ್ ಸೈನ್ಯ ಕಳಿಸಿದ್ದಾರೆಂಬ ಸುದ್ದಿಯನ್ನು ಜನರಿಗೆ ಹೇಳಲಾಯಿತು. ಆಗಸ್ಟಿನಲ್ಲಿ ಜಾರ್ಜ್ ಎ. ಸ್ಮಿತ್ ಎಂಬ ಹಿರಿಯ ಧರ್ಮಾಧಿಕಾರಿ ದಕ್ಷಿಣದ ಊರೂರು ತಿರುಗಿ, ಯುದ್ಧ ಬರುತ್ತಿದೆ, ಕಾಳು ಕೂಡಿಡಿ, ಹೊರಗಿನವರಿಗೆ ಮಾರಬೇಡಿ ಎಂದು ಬೆಂಕಿಯಂಥ ಭಾಷಣ ಮಾಡಿ ಹೋದರು. ಅದರ ಬೆನ್ನಿಗೇ ಈ ವಲಸಿಗರು ಬಂದರು, ನೂರಾರು ದನ ಹೊಡೆದುಕೊಂಡು, ಕೈಯಲ್ಲಿ ದುಡ್ಡು ಹಿಡಿದು, ಕಾಳು ಕೊಡಿ ಎಂದು. ಮಾರ್ಮನರ ಪ್ರೀತಿಯ ಧರ್ಮಾಧಿಕಾರಿ ಪಾರ್ಲಿ ಪ್ರ್ಯಾಟ್ ಅವರನ್ನು ಅದೇ ಮೇ ತಿಂಗಳಲ್ಲಿ ಆರ್ಕನ್ಸಾದಲ್ಲಿ ಒಬ್ಬ ಕೊಂದಿದ್ದ. ಆ ಕೊಲೆಗೂ ಈ ತಂಡಕ್ಕೂ ಸಂಬಂಧವಿಲ್ಲ. ಆದರೆ ಗಾಡಿಯವರು ಯಾವ ಊರಿನವರು ಎಂದರೆ ಆರ್ಕನ್ಸಾದವರು, ಅಷ್ಟು ಸಾಕಾಯಿತು.

ಗಾಳಿಮಾತುಗಳು ಬೇರೆ: ಒರತೆಗೆ ವಿಷ ಹಾಕಿದರು, ಎತ್ತಿಗೆ ಬ್ರಿಗಮ್ ಎಂದು ಹೆಸರಿಟ್ಟು ಚಾಟಿಯಲ್ಲಿ ಹೊಡೆಯುತ್ತಾರೆ, ಜೋಸೆಫ್ ಸ್ಮಿತ್‌ರನ್ನು ಕೊಂದ ಬಂದೂಕು ತಮ್ಮಲ್ಲಿದೆ ಎನ್ನುತ್ತಾರೆ. ಕೊಂದ ಮೇಲೆ ಇಂಥ ಕತೆಗಳಿಗೆ ರೆಕ್ಕೆಪುಕ್ಕ ಬರುವುದು ಎಲ್ಲ ಕಡೆಯೂ ಇದ್ದದ್ದೇ.

ಇದಕ್ಕಿಂತ ಹಳೆಯ ಗಾಯ ಮಿಸೂರಿಯದು. 1838ರ ಅಕ್ಟೋಬರ್ 27ರಂದು ಆ ರಾಜ್ಯದ ರಾಜ್ಯಪಾಲ ಬಾಗ್ಸ್ ಹೊರಡಿಸಿದ ಆಜ್ಞೆಯಲ್ಲಿ, ಮಾರ್ಮನರನ್ನು ಶತ್ರುಗಳೆಂದೇ ಕಾಣಬೇಕು, ನಿರ್ನಾಮ ಮಾಡಬೇಕು ಇಲ್ಲವೇ ರಾಜ್ಯದಿಂದ ಓಡಿಸಬೇಕು ಎಂದಿತ್ತು. ಮೂರು ದಿನದ ಮೇಲೆ ಹಾನ್ಸ್ ಮಿಲ್ ಎಂಬ ಹಳ್ಳಿಯಲ್ಲಿ 17 ಮಾರ್ಮನರನ್ನು ಕೊಂದರು. ಕಮ್ಮಾರನ ಕುಲುಮೆಯ ತಿದಿಯ ಕೆಳಗೆ ಅವಿತಿದ್ದ ಹತ್ತು ವರ್ಷದ ಸಾರ್ಡಿಯಸ್ ಸ್ಮಿತ್‌ನನ್ನು ಹೊರಗೆಳೆದು ಗುಂಡಿಟ್ಟರು. ಆ ಕೊಲೆಗೆ ಯಾರಿಗೂ ಶಿಕ್ಷೆಯಾಗಲಿಲ್ಲ. ಬಾಗ್ಸ್ ಆಜ್ಞೆಯನ್ನು ಮಿಸೂರಿ ಸರ್ಕಾರ ಹಿಂತೆಗೆದುಕೊಂಡದ್ದು 1976ರಲ್ಲಿ. ಇದೇ ಜಾನ್ ಲೀ ಆಗ ಮಿಸೂರಿಯಲ್ಲಿದ್ದ; ಆ ವರ್ಷ ಆಗಸ್ಟಿನಲ್ಲಿ ಗ್ಯಾಲಟಿನ್ ಊರಿನ ಮತಗಟ್ಟೆಯಲ್ಲಿ ಮಾರ್ಮನರಿಗೆ ಮತ ಹಾಕಲು ಬಿಡದೆ ನಡೆದ ಬಡಿದಾಟದಲ್ಲೂ ಇದ್ದ.

ಸಂಶಯಾತ್ಮ:

ಮಿಸೂರಿ ಬಂದೇ ಬರುತ್ತದೆ ಎಂದು ಕಾಯುತ್ತಿದ್ದೆ. ಹಾನ್ಸ್ ಮಿಲ್‌ನಲ್ಲಿ ಕೊಂದವರು ಮಿಸೂರಿಯವರು, ಮೌಂಟನ್ ಮೆಡೋಸಿನಲ್ಲಿ ಸತ್ತವರು ಆರ್ಕನ್ಸಾದವರು, ನಡುವೆ 19 ವರ್ಷ. 1857ರಲ್ಲಿ ಸತ್ತ ಎಷ್ಟೋ ಮಕ್ಕಳು 1838ರಲ್ಲಿ ಹುಟ್ಟಿಯೇ ಇರಲಿಲ್ಲ. ಇನ್ನೊಂದು ವಿಷಯವನ್ನು ನೀವು ಸದ್ದಿಲ್ಲದೆ ದಾಟಿದಿರಿ: ನಿರ್ನಾಮ ಎಂಬ ಪದವನ್ನು ಮೊದಲು ಆಡಿದವರು ಬಾಗ್ಸ್ ಅಲ್ಲ. ಅದೇ ವರ್ಷ ಜುಲೈ 4ರಂದು ಮಾರ್ಮನರ ಸಿಡ್ನಿ ರಿಗ್ಡನ್ ವೇದಿಕೆ ಹತ್ತಿ, ನಮ್ಮ ತಂಟೆಗೆ ಬಂದರೆ ಅದು ನಿರ್ನಾಮದ ಯುದ್ಧವಾಗುತ್ತದೆ ಎಂದು ಗುಡುಗಿದ್ದರು. ಡ್ಯಾನೈಟ್ ಎಂಬ ಗುಪ್ತ ಪಡೆ ಕಟ್ಟಿಕೊಂಡಿದ್ದರು. ಗ್ಯಾಲಟಿನ್ ಊರನ್ನು ಲೂಟಿ ಮಾಡಿ ಸುಟ್ಟರು.

ಹಳೆಕಡತ:

ದಾಟಿಲ್ಲ. ಕಡತ ಉದ್ದವಾಗುತ್ತಿತ್ತು, ನಿಲ್ಲಿಸಿದೆ. ರಿಗ್ಡನ್ ಭಾಷಣವನ್ನು ಒಪ್ಪುತ್ತೇನೆ, ಡ್ಯಾನೈಟರನ್ನೂ ಒಪ್ಪುತ್ತೇನೆ. ಭಾಷಣಕ್ಕೂ ರಾಜ್ಯಪಾಲನ ಸಹಿ ಬಿದ್ದ ಆಜ್ಞೆಗೂ ವ್ಯತ್ಯಾಸವಿದೆ ಎಂಬುದನ್ನು ನೀವೂ ಒಪ್ಪಿ.

ಬೆಳಗಿನ_ಮಂಜು:

ಹಾನ್ಸ್ ಮಿಲ್ ಕತೆಯನ್ನು ನಮ್ಮ ಚರ್ಚಿನಲ್ಲಿ ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಮೌಂಟನ್ ಮೆಡೋಸ್ ಎಂಬ ಹೆಸರನ್ನು ಮೊದಲು ಕೇಳಿದ್ದು ಸದಸ್ಯಳಾಗಿ ನಾಲ್ಕು ವರ್ಷವಾದ ಮೇಲೆ, ಅದೂ ಹೊರಗಿನವರೊಬ್ಬರ ಬಾಯಲ್ಲಿ. ಅಂದು ರಾತ್ರಿ ನಿದ್ದೆ ಬರಲಿಲ್ಲ. ಹಾನ್ಸ್ ಮಿಲ್‌ನ ಹುಡುಗನ ಹೆಸರು ನನಗೆ ಬಾಯಿಪಾಠ. ಇಲ್ಲಿ ಸತ್ತ ಒಂದೇ ಒಂದು ಮಗುವಿನ ಹೆಸರೂ ಗೊತ್ತಿರಲಿಲ್ಲ. ಸಂಶಯಾತ್ಮ ಅವರು ಇದನ್ನು ಕೇಳಿ ಗೆದ್ದೆ ಎಂದುಕೊಳ್ಳುವುದು ಬೇಡ, ನಾನು ಇನ್ನೂ ಸದಸ್ಯೆಯೇ.

ಕನ್ನಡ_ಮೇಷ್ಟ್ರು:

ನಿವೃತ್ತ ಕನ್ನಡ ಅಧ್ಯಾಪಕ ನಾನು, ಅಮೆರಿಕದ ಇತಿಹಾಸ ನನ್ನ ಪಾಠದಲ್ಲಿ ಬಂದದ್ದಿಲ್ಲ. ಆದರೆ ಗಾಡಿಯವರೇ, ನಿಮ್ಮ ತಾಯಿಯವರ ಪ್ರಶ್ನೆ ವ್ಯಾಕರಣದ ಪ್ರಶ್ನೆ. ಇಂಗ್ಲಿಷಿನ ಕರ್ಮಣಿ ಪ್ರಯೋಗದಲ್ಲಿ ಕರ್ತೃವನ್ನು ಕೈಬಿಟ್ಟರೂ ವಾಕ್ಯ ಕುಂಟುವುದಿಲ್ಲ. ಕನ್ನಡದಲ್ಲಿ ‘ಕೊಲ್ಲಲ್ಪಟ್ಟರು’ ಎಂದು ಪರೀಕ್ಷೆಯಲ್ಲಿ ಬರೆಯಬಹುದು, ಮನೆಯಲ್ಲಿ ಯಾರೂ ಹಾಗೆ ಆಡುವುದಿಲ್ಲ. ‘ಕೊಂದರು’ ಎನ್ನುತ್ತೇವೆ, ಎಂದ ಕೂಡಲೇ ಕೇಳುವವರು ‘ಯಾರು?’ ಎನ್ನುತ್ತಾರೆ. ನೀವು ‘ದಾಳಿಗೆ ಒಳಗಾಯಿತು’ ಎಂದು ಜಾಣತನದಿಂದ ಅನುವಾದಿಸಿದರೂ ತಾಯಿಯವರು ಹಿಡಿದುಬಿಟ್ಟರು.

ಒಂದು ಕುತೂಹಲ. ಆ ಕಲ್ಲು ಯಾವಾಗಿನದು? ಅದಕ್ಕೂ ಮೊದಲು ಅಲ್ಲಿ ಬೇರೆ ಶಾಸನವಿತ್ತೇ? ಶಾಸನ ಓದುವವನು ಒಂದನ್ನೇ ಓದಬಾರದು.

ದೂರದ_ಗಾಡಿ:

ಮೇಷ್ಟ್ರೇ, ನೀವು ಕೇಳಿದ ಮೇಲೆ ಹುಡುಕಿದೆ. ನಾನು ನೋಡಿದ ಗೋಡೆ 1990ರದು. ಅಲ್ಲಿದ್ದ ಬರಹಗಳನ್ನು ಸಾಲಾಗಿ ಇಡುತ್ತೇನೆ.

1859, ಕಾರ್ಲ್ಟನ್ ಇರಿಸಿದ ಕಲ್ಲು. ಇಲ್ಲಿ 1857ರ ಸೆಪ್ಟೆಂಬರ್ ಆರಂಭದಲ್ಲಿ 120 ಗಂಡಸರು, ಹೆಂಗಸರು, ಮಕ್ಕಳನ್ನು ನಿರ್ದಯವಾಗಿ ಕಗ್ಗೊಲೆ ಮಾಡಲಾಯಿತು, ಅವರು ಆರ್ಕನ್ಸಾದವರು. ನೋಡಿ, ಇಲ್ಲೂ ಕೊಂದವರಿಲ್ಲ! ಕಾರ್ಲ್ಟನ್ ತನ್ನ ವರದಿಯಲ್ಲಿ ಮಾತ್ರ ಮಾರ್ಮನರೇ ಎಂದು ಮುಲಾಜಿಲ್ಲದೆ ಬರೆದ.

1932ರಲ್ಲಿ ಒಂದು ಲೋಹದ ಫಲಕ ಹಾಕಿದರು. ಅದರಲ್ಲಿ ‘ಬಿಳಿಯರು ಮತ್ತು ಇಂಡಿಯನ್ನರು’ ದಾಳಿ ಮಾಡಿದರೆಂದಿದೆ. ಮುಂದಾಳಾಗಿ ಪಾಲ್ಗೊಂಡದ್ದನ್ನು ಒಪ್ಪಿಕೊಂಡ ಜಾನ್ ಡಿ. ಲೀಯನ್ನು 1877ರ ಮಾರ್ಚ್ 23ರಂದು ಇಲ್ಲೇ ಕಾನೂನಿನಂತೆ ಕೊಲ್ಲಲಾಯಿತು ಎಂದೂ ಇದೆ. ಬಿಳಿಯರು ಎಂದಿದೆ, ಮಾರ್ಮನರು ಎಂದಿಲ್ಲ.

ಅಲ್ಲಿಂದ 58 ವರ್ಷ ದಾಟಿ 1990ಕ್ಕೆ ಬಂದರೆ ಬಿಳಿಯರೂ ಇಲ್ಲ, ಇಂಡಿಯನ್ನರೂ ಇಲ್ಲ, ಲೀಯೂ ಇಲ್ಲ.

ಕರಿಕೋಟು:

1990ರದು ರಾಜಿಯ ಬರಹ, ಹಾಗೆಯೇ ಓದಬೇಕು. ಸತ್ತವರ ವಂಶದವರು, ಲೀಯ ವಂಶದವರು, ಚರ್ಚು ಎಲ್ಲರೂ ಒಟ್ಟಿಗೆ ಕೂತು ಒಪ್ಪಿದ ಮಾತು ಅದು. ಉದ್ಘಾಟನೆಯ ದಿನ ಮಾತಾಡಿದವರಲ್ಲಿ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಆಗಿನ ಅಧ್ಯಕ್ಷ ರೆಕ್ಸ್ ಲೀ ಒಬ್ಬರು, ಅವರು ಜಾನ್ ಡಿ. ಲೀಯ ಮರಿಮಗನ ಪೀಳಿಗೆಯವರು. ಆ ಹೆಸರಿನ ವಿಶ್ವವಿದ್ಯಾಲಯ, ಈ ಹೆಸರಿನ ಅಧ್ಯಕ್ಷರು, ಯೋಚಿಸಿ. ಎರಡೂ ಕಡೆಯವರು ಸಹಿ ಹಾಕುವ ರಾಜಿಪತ್ರದಲ್ಲಿ ಮೊದಲು ಬಿದ್ದುಹೋಗುವುದು ಕರ್ತೃಪದವೇ. ಇಪ್ಪತ್ತು ವರ್ಷದಿಂದ ಜಮೀನು ವ್ಯಾಜ್ಯಗಳಲ್ಲಿ ನಾನು ಅಂಥ ಪತ್ರಗಳನ್ನೇ ಬರೆಯುತ್ತಿದ್ದೇನೆ.

ಮೊಕದ್ದಮೆಯ ವಿಷಯವೂ ಇದೆ. 1874ರಲ್ಲಿ ಒಂಬತ್ತು ಜನರ ಮೇಲೆ ಆರೋಪಪಟ್ಟಿ ಬಂತು. ಹೈಟ್ ಮತ್ತು ಸೇನಾದಳದ ಇನ್ನೊಬ್ಬ ಮೇಜರ್ ಹಿಗ್ಬೀ ತಲೆಮರೆಸಿಕೊಂಡರು. ಲೀಯ ಮೊದಲ ವಿಚಾರಣೆ 1875ರಲ್ಲಿ, ತೀರ್ಪುಗಾರರು ಒಮ್ಮತಕ್ಕೆ ಬರಲಿಲ್ಲ. 1876ರಲ್ಲಿ ಎರಡನೆಯದು. ಈ ಸಲ ತೀರ್ಪುಗಾರರೆಲ್ಲ ಮಾರ್ಮನರು. ಹಿಂದಿನ ವರ್ಷ ನಾಪತ್ತೆಯಾಗಿದ್ದ ಸಾಕ್ಷಿಗಳು ಈಗ ಬಂದು ನಿಂತರು. ಅವರಿಗೆ ಲೀ ಮಾಡಿದ್ದೆಲ್ಲ ನೆನಪಿತ್ತು, ಉಳಿದವರು ಮಾಡಿದ್ದು ಮರೆತುಹೋಗಿತ್ತು. ಲೀ ತಪ್ಪಿತಸ್ಥ ಎಂದು ಸರ್ವಾನುಮತದ ತೀರ್ಪು. ಅದೇ ಹುಲ್ಲುಗಾವಲಿಗೆ ಕರೆತಂದು, ಅವನ ಶವಪೆಟ್ಟಿಗೆಯ ಮೇಲೆಯೇ ಕೂರಿಸಿ ಗುಂಡಿಟ್ಟರು. ನನ್ನನ್ನು ಬಲಿ ಕೊಟ್ಟರು ಎಂದು ಸಾಯುವ ಮೊದಲು ಹೇಳಿದ. ಅಪರಾಧಿ ಅವನು ಹೌದು, ಅನುಮಾನವಿಲ್ಲ. ಬಲಿಪಶುವೂ ಹೌದು. ಎರಡೂ ಒಟ್ಟಿಗೆ ನಿಜವಾಗಿರಲು ಸಾಧ್ಯ ಎಂಬುದು ನ್ಯಾಯಾಲಯ ಕಂಡವರಿಗೆ ಹೊಸದಲ್ಲ.

ಹಾದಿಹೋಕ:

ಯಾವುದೋ ದೇಶದ, ಯಾವುದೋ ಪಂಗಡದ, ನೂರೈವತ್ತು ವರ್ಷದ ಹಿಂದಿನ ಜಗಳ. ಕನ್ನಡದ ವೇದಿಕೆಯಲ್ಲಿ ಇದೇಕೆ? ನಮಗೂ ಮಾರ್ಮನರಿಗೂ ಏನು ಸಂಬಂಧ?

ನಿರ್ವಾಹಕರು:

ಜಾಗತಿಕ ಇತಿಹಾಸ ವಿಭಾಗದಲ್ಲಿ ಈ ಎಳೆ ಇದೆ, ಇರುತ್ತದೆ. ಆಸಕ್ತಿ ಇಲ್ಲದವರು ಮುಂದಿನ ಎಳೆಗೆ ಹೋಗಬಹುದು.

ಕರಿಕೋಟು:

ನಿರ್ವಾಹಕರೇ, ಹಾದಿಹೋಕರನ್ನು ಓಡಿಸಬೇಡಿ, ಅವರ ಪ್ರಶ್ನೆಗೆ ಉತ್ತರವಿದೆ. ಉಡುಪಿಯಲ್ಲೇ ಇದೆ.

ಸ್ವಲ್ಪ ಹಿಂದಕ್ಕೆ ಹೋಗಬೇಕು. ಮಾರ್ಮನರ ಸ್ಥಾಪಕ ಜೋಸೆಫ್ ಸ್ಮಿತ್ 1844ರಲ್ಲಿ ಇಲಿನಾಯ್ ರಾಜ್ಯದ ನಾವೂ ಪಟ್ಟಣದ ಮೇಯರ್ ಆಗಿದ್ದರು. ಅವರಿಂದ ಬೇರೆಯಾದ ಕೆಲವರು ಜೂನ್ 7ರಂದು ‘ನಾವೂ ಎಕ್ಸ್‌ಪಾಸಿಟರ್’ ಎಂಬ ಪತ್ರಿಕೆ ಹೊರಡಿಸಿ, ಸ್ಮಿತ್ ಗುಟ್ಟಾಗಿ ಬಹುಪತ್ನಿತ್ವ ನಡೆಸುತ್ತಿದ್ದಾರೆಂದು ಬರೆದರು. ನಗರಸಭೆ ಅದನ್ನು ಸಾರ್ವಜನಿಕ ಉಪದ್ರವ ಎಂದು ಸಾರಿತು. ಜೂನ್ 10ರಂದು ಮುದ್ರಣಯಂತ್ರವನ್ನು ಬೀದಿಗೆಳೆದು ಒಡೆದು, ಅಚ್ಚುಮೊಳೆಗಳನ್ನು ಚೆಲ್ಲಿದರು. ಬಂದದ್ದು ಒಂದೇ ಸಂಚಿಕೆ. ಆ ಗಲಾಟೆಯಲ್ಲೇ ಸ್ಮಿತ್ ಮತ್ತು ಅಣ್ಣ ಹೈರಮ್ ಕಾರ್ತೇಜ್ ಜೈಲು ಸೇರಿದರು. ಜೂನ್ 27ರಂದು ಮುಖಕ್ಕೆ ಮಸಿ ಬಳಿದುಕೊಂಡ ಗುಂಪು ಜೈಲಿಗೆ ನುಗ್ಗಿ ಇಬ್ಬರನ್ನೂ ಕೊಂದಿತು. ಐವರ ವಿಚಾರಣೆ ನಡೆಯಿತು, ಐವರೂ ಬಿಡುಗಡೆ. ಪತ್ರಿಕೆ ಹೇಳಿದ್ದು ಸುಳ್ಳೇ? ಬಹುಪತ್ನಿತ್ವದ ದೈವವಾಣಿಯನ್ನು ಹಿಂದಿನ ವರ್ಷವೇ ಬರೆಸಿಯಾಗಿತ್ತು. ಬಹಿರಂಗವಾಗಿ ಒಪ್ಪಿಕೊಂಡದ್ದು 1852ರಲ್ಲಿ. ಸ್ಮಿತ್ ಅವರಿಗೆ 30ರಿಂದ 40 ಪತ್ನಿಯರಿದ್ದಿರಬಹುದೆಂದು, ಅವರಲ್ಲಿ ಒಬ್ಬಳು 15 ತುಂಬಲು ಕೆಲವು ತಿಂಗಳು ಬಾಕಿಯಿದ್ದ ಹುಡುಗಿಯೆಂದು ಚರ್ಚು ತನ್ನದೇ ಲೇಖನದಲ್ಲಿ ಹೇಳಿದ್ದು 2014ರಲ್ಲಿ. ಪತ್ರಿಕೆಯ ಪ್ರತಿಗಳನ್ನು ನಾಶ ಮಾಡಿದ್ದಕ್ಕೆ ಆ ಕಾಲದ ಕಾನೂನಿನಲ್ಲಿ ಸಮರ್ಥನೆ ಇತ್ತು, ಯಂತ್ರ ಒಡೆದದ್ದಕ್ಕೆ ಇರಲಿಲ್ಲ ಎಂದು ಡಾಲಿನ್ ಓಕ್ಸ್ ಎಂಬ ಕಾನೂನು ಪ್ರಾಧ್ಯಾಪಕರು 1965ರಲ್ಲಿ ಬರೆದರು. ಅವರು ಮುಂದೆ ಅದೇ ಚರ್ಚಿನ ಅತಿ ಹಿರಿಯ ಪದವಿಗೆ ಏರಿದವರು.

ಈ ಬಹುಪತ್ನಿತ್ವವೇ ಅಮೆರಿಕದ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. 1879ರ ರೆನಾಲ್ಡ್ಸ್ ತೀರ್ಪಿನಲ್ಲಿ ನಮ್ಮ ಸತೀಪದ್ಧತಿಯ ಉದಾಹರಣೆ ಬರುತ್ತದೆ: ನಂಬಿಕೆ ನಿನ್ನದಾದರೂ ಚಿತೆ ಏರುವುದನ್ನು ಸರ್ಕಾರ ತಡೆಯಬಾರದೇ ಎಂದು. 1890ರಲ್ಲಿ ಐಡಹೋ ಮಾರ್ಮನರ ಡೇವಿಸ್ ಪ್ರಕರಣ. ಧರ್ಮವೆಂದರೆ ಸೃಷ್ಟಿಕರ್ತನೊಡನೆ ತನಗಿರುವ ಸಂಬಂಧದ ಬಗ್ಗೆ ವ್ಯಕ್ತಿಯ ಅಭಿಪ್ರಾಯ ಎಂಬ ವ್ಯಾಖ್ಯೆ ಅಲ್ಲಿ ಹುಟ್ಟಿತು. 1954ರಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಮುಂದೆ ಉಡುಪಿಯ ಶಿರೂರು ಮಠದ ಪ್ರಕರಣ ಬಂತು. ಪರ್ಯಾಯದ ಖರ್ಚಿನಿಂದ ಮಠಕ್ಕೆ ಸಾಲವಾಗಿ, ಮದ್ರಾಸು ಸರ್ಕಾರದ ಧರ್ಮದತ್ತಿ ಇಲಾಖೆ ಕೈ ಹಾಕಿದಾಗ ಎದ್ದ ವ್ಯಾಜ್ಯ. ನ್ಯಾಯಮೂರ್ತಿ ಬಿ.ಕೆ. ಮುಖರ್ಜಿಯವರು ಡೇವಿಸ್ ತೀರ್ಪಿನ ವ್ಯಾಖ್ಯೆಯನ್ನು ಎತ್ತಿಕೊಂಡು, ಇದು ಸಾಲದು ಎಂದು ಬದಿಗಿಟ್ಟರು. ಬೌದ್ಧರೂ ಜೈನರೂ ಸೃಷ್ಟಿಕರ್ತನನ್ನು ಒಪ್ಪುವುದಿಲ್ಲ, ಅವರದು ಧರ್ಮವಲ್ಲವೇ? ಊಟ ಉಡುಪಿನ ನಿಯಮವೂ ಧರ್ಮದ ಭಾಗವಾಗಬಹುದು ಎಂದರು. ಇಂದಿಗೂ ದೇವಸ್ಥಾನ, ಮಠ, ಮಸೀದಿಗಳ ವ್ಯಾಜ್ಯದಲ್ಲಿ ನಾವು ತೆರೆಯುವುದು ಶಿರೂರು ತೀರ್ಪನ್ನೇ. ಹಾದಿಹೋಕರೇ, ಸಂಬಂಧ ಇಷ್ಟು.

ಹಾದಿಹೋಕ:

ನಮ್ಮ ಮನೆ ಮಣಿಪಾಲದಲ್ಲಿ. ಇದು ಗೊತ್ತಿರಲಿಲ್ಲ. ಮುಂದುವರಿಸಿ, ಓದುತ್ತಿರುತ್ತೇನೆ.

ಸಂಶಯಾತ್ಮ:

ವಕೀಲರ ಸುತ್ತುದಾರಿ ಚೆನ್ನಾಗಿತ್ತು. ಮತ್ತೆ ಹುಲ್ಲುಗಾವಲಿಗೆ ಬರೋಣ. 1999ರ ಆಗಸ್ಟಿನಲ್ಲಿ ಚರ್ಚು ಕಾರ್ಲ್ಟನ್‌ನ ಕಲ್ಲುರಾಶಿಯನ್ನು ಹೊಸದಾಗಿ ಕಟ್ಟಿಸುತ್ತಿದ್ದಾಗ ಅಗೆಯುವ ಯಂತ್ರಕ್ಕೆ ಮೂಳೆಗಳು ಸಿಕ್ಕವು, ಕನಿಷ್ಠ 28 ಜನರವು. ವಿಜ್ಞಾನಿಗಳು ಪರೀಕ್ಷೆ ಮುಗಿಸುವ ಮೊದಲೇ ಬೇಗ ಹೂತುಬಿಡಿ ಎಂದು ಮೇಲಿನಿಂದ ಮಾತು ಬಂತು. ಆಗಿನ ರಾಜ್ಯಪಾಲ ಮೈಕ್ ಲೆವಿಟ್. ಹತ್ಯಾಕಾಂಡದ ಜೊತೆ ಹೆಸರು ತಳಕು ಹಾಕಿಕೊಂಡಿರುವ ಡಡ್ಲಿ ಲೆವಿಟ್ ಅವರ ವಂಶಸ್ಥರು. ಇದಕ್ಕೆ ಏನೆನ್ನುತ್ತೀರಿ?

ಬೆಳಗಿನ_ಮಂಜು:

ಅದೇ ಡಡ್ಲಿ ಲೆವಿಟ್ ಅವರಿಗೆ ಮೊಮ್ಮಗಳೂ ಒಬ್ಬರಿದ್ದರು ಎನ್ನುತ್ತೇನೆ. ವಾನೀಟಾ ಬ್ರೂಕ್ಸ್.

ಅವರ ಕತೆ ಹೇಳದೆ ಈ ಎಳೆ ಮುಗಿಯಬಾರದು. 1919ರಲ್ಲಿ ಅವರು ಇಪ್ಪತ್ತೊಂದು ವರ್ಷದ ಶಾಲಾ ಶಿಕ್ಷಕಿ. ನೀಫೈ ಜಾನ್ಸನ್ ಎಂಬ ವೃದ್ಧರು, ಚರ್ಚಿನಲ್ಲಿ ಎಲ್ಲರೂ ಗೌರವಿಸುತ್ತಿದ್ದವರು, ನನ್ನ ಕಣ್ಣು ಕಂಡದ್ದನ್ನು ನನ್ನ ನಾಲಿಗೆ ಎಂದೂ ಆಡಿಲ್ಲ, ಸಾಯುವ ಮೊದಲು ಬರೆಸಬೇಕು, ಬರೆದುಕೊಳ್ಳುತ್ತೀಯಾ ಎಂದು ಕೇಳಿದರು. ಆಗಲಿ ಎಂದರು ಬ್ರೂಕ್ಸ್. ಶಾಲೆ, ಕೆಲಸ, ಇಂದು ನಾಳೆ ಎಂದು ತಳ್ಳಿದರು. ಹೋಗುವ ಹೊತ್ತಿಗೆ ಜಾನ್ಸನ್ ಮರಣಶಯ್ಯೆಯಲ್ಲಿದ್ದರು. ಸನ್ನಿ ಹಿಡಿದಿತ್ತು, ಒಮ್ಮೆ ಕಣ್ಣರಳಿಸಿ “ರಕ್ತ! ರಕ್ತ! ರಕ್ತ!” ಎಂದು ಕೂಗಿದರು. ಅವರು ಆ ಶುಕ್ರವಾರ ಹುಲ್ಲುಗಾವಲಿನಲ್ಲಿದ್ದರೆಂದು ಬ್ರೂಕ್ಸ್‌ಗೆ ಗೊತ್ತಾದದ್ದು ಆಮೇಲೆ. ಬರೆದುಕೊಳ್ಳದೆ ಹೋದ ಆ ಒಂದು ಕತೆಯ ಹಿಂದೆ ಅವರು ಮೂವತ್ತು ವರ್ಷ ಅಲೆದರು. 1950ರಲ್ಲಿ ಪುಸ್ತಕ ಬಂತು. ಮಾರ್ಮನ್ ಸೇನಾದಳದವರೇ ಮಾಡಿದ್ದು, ಮೇಲಿನವರು ಗಾಳಿ ಹಾಕಿದ್ದು, ಆಮೇಲೆ ಮುಚ್ಚಿಟ್ಟದ್ದು ಎಲ್ಲವನ್ನೂ ಬರೆದರು. ಯಂಗ್ ಆಜ್ಞೆ ಕೊಟ್ಟರು ಎಂಬುದಕ್ಕೆ ಸಾಕ್ಷ್ಯ ಸಿಗಲಿಲ್ಲ ಎಂದೂ ಬರೆದರು. ಸೇಂಟ್ ಜಾರ್ಜ್‌ನಲ್ಲಿ ನೆರೆಯವರು ಮುಖ ತಿರುಗಿಸಿದರು. ಅವರು ಮಾತ್ರ ಭಾನುವಾರದ ಆರಾಧನೆ ತಪ್ಪಿಸಲಿಲ್ಲ. ಬೆಂಗಳೂರಿನಲ್ಲಿ ದೇವಾಲಯ ಕಟ್ಟುವುದಾಗಿ ಚರ್ಚು 2018ರಲ್ಲಿ ಪ್ರಕಟಿಸಿದ ದಿನ ನಾವೆಲ್ಲ ಸಂಭ್ರಮದಲ್ಲಿದ್ದೆವು. ನನ್ನ ಕೈಚೀಲದಲ್ಲಿ ಅವರ ಪುಸ್ತಕವಿತ್ತು.

ಸಂಶಯಾತ್ಮ:

ಬ್ರೂಕ್ಸ್ ವಿಷಯದಲ್ಲಿ ನನ್ನ ಜಗಳವಿಲ್ಲ.

ಕನ್ನಡ_ಮೇಷ್ಟ್ರು:

ಅವರ ಅಂಥ ಒಂದು ಸಾಲು ಈ ಎಳೆಯಲ್ಲಿ ಇದೇ ಮೊದಲು, ಗುರುತು ಹಾಕಿಕೊಂಡಿದ್ದೇನೆ.

ಹಳೆಕಡತ:

2007ರ ವಿಷಯ ಉಳಿಯಿತು. ನೂರೈವತ್ತನೇ ವರ್ಷದ ದಿನ ಚರ್ಚಿನ ಪರವಾಗಿ ಹೆನ್ರಿ ಐರಿಂಗ್ ಅಲ್ಲೇ ನಿಂತು ಹೇಳಿಕೆ ಓದಿದರು. ಹತ್ಯಾಕಾಂಡದ ಹೊಣೆ ಆ ಭಾಗದ ಸ್ಥಳೀಯ ಚರ್ಚ್ ಮುಖಂಡರದು, ಅವರ ನಿರ್ದೇಶನದಂತೆ ನಡೆದ ಸದಸ್ಯರದು ಎಂದಿತು ಆ ಹೇಳಿಕೆ. ಕರ್ತೃಪದ ಬಂತು, ಮೇಷ್ಟ್ರೇ. ಆಮೇಲೆ ‘ಆಳವಾದ ವಿಷಾದ’ ಎಂದರು. ಪತ್ರಕರ್ತರು ಹಿಡಿದುಕೊಂಡರು: ವಿಷಾದ ಎಂದಿರಿ, ಕ್ಷಮೆ ಎನ್ನಲಿಲ್ಲವಲ್ಲ?

ಕರಿಕೋಟು:

ನಮ್ಮ ಪತ್ರಿಕೆಗಳಿಗೂ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಮಂತ್ರಿಗಳು ‘ವಿಷಾದ ವ್ಯಕ್ತಪಡಿಸಿದರು’ ಎಂಬ ತಲೆಬರಹ ಕಂಡರೆ ಕ್ಷಮೆ ಕೇಳಲಿಲ್ಲ ಎಂದೇ ಅರ್ಥ. ಮಳೆ ಬಂದು ಮದುವೆ ಕೆಟ್ಟರೂ ವಿಷಾದಿಸಬಹುದು, ಮಳೆ ತಂದವರೇ ಆಗಬೇಕಿಲ್ಲ.

ಬೆಳಗಿನ_ಮಂಜು:

ಅದು ಕ್ಷಮೆಯಾಚನೆಯೇ ಎಂದು ಚರ್ಚಿನ ಕಡೆಯವರು ಆಮೇಲೆ ಹೇಳಿದರು. ಆ ಪದವನ್ನೇ ಬಳಸಬಹುದಿತ್ತು ಎಂಬ ಆಸೆ ನನಗೂ ಇದೆ. ಆದರೆ ಅದೇ ಹೇಳಿಕೆಯ ಇನ್ನೊಂದು ಭಾಗ ಯಾರ ಕಣ್ಣಿಗೂ ಬೀಳುವುದಿಲ್ಲ: ಪಯೂಟ್ ಜನರ ಮೇಲೆ ಇಷ್ಟು ಕಾಲ ಅನ್ಯಾಯವಾಗಿ ಮುಖ್ಯ ಆಪಾದನೆ ಹೊರಿಸಲಾಗಿತ್ತು, ಅವರಿಗೆ ಪ್ರತ್ಯೇಕವಾಗಿ ವಿಷಾದ ಸಲ್ಲಬೇಕು ಎಂದಿದೆ.

ದೂರದ_ಗಾಡಿ:

ಪಯೂಟರ ಬಗ್ಗೆ ನಾನೇ ಕೇಳಬೇಕೆಂದಿದ್ದೆ. ತಮ್ಮ ಹಿರಿಯರು ಕೊಂದದ್ದಿಲ್ಲ, ಗುಡ್ಡದ ಮೇಲಿಂದ ನೋಡಿದರು ಎಂಬುದು ಪಯೂಟ್ ಮನೆಗಳಲ್ಲಿ ಬಾಯಿಂದ ಬಾಯಿಗೆ ಬಂದ ಮಾತು. ಇದ್ದರು, ಆದರೆ ಸೇನಾದಳದವರು ಕರೆತಂದದ್ದು ಎನ್ನುತ್ತಾರೆ ಬಹುಪಾಲು ಇತಿಹಾಸಕಾರರು. ಮೊದಲ ದಾಳಿಯಲ್ಲಿ ಕೆಲವು ಬಿಳಿಯರು ಮುಖಕ್ಕೆ ಬಣ್ಣ ಬಳಿದುಕೊಂಡಿದ್ದರು. ಬದುಕುಳಿದ 17 ಮಕ್ಕಳಲ್ಲಿ ಐದು ವರ್ಷದ ಒಬ್ಬ ಹುಡುಗ, ನನ್ನ ಅಪ್ಪನನ್ನು ಇಂಡಿಯನ್ನರು ಕೊಂದರು, ಮುಖ ತೊಳೆದ ಮೇಲೆ ಅವರು ಬಿಳಿಯರಾಗಿದ್ದರು ಎಂದನಂತೆ. ಹೇಳುವ ವಯಸ್ಸಿಲ್ಲ ಎಂದು ಉಳಿಸಿಕೊಂಡ ಮಗು.

ಕನ್ನಡ_ಮೇಷ್ಟ್ರು:

ಹಾಗಾದರೆ ಒಂದು ಕೆಲಸ ಮಾಡೋಣ. ಗಾಡಿಯವರ ತಾಯಿಗೆ ಹೇಳಲು ಒಂದೇ ವಾಕ್ಯ, ಕರ್ತರಿ ಪ್ರಯೋಗದಲ್ಲಿ. ನಾನು ಶುರು ಮಾಡುತ್ತೇನೆ: ‘1857ರಲ್ಲಿ ಮಾರ್ಮನರು ದಾರಿಹೋಕರನ್ನು ಕೊಂದರು.’

ಬೆಳಗಿನ_ಮಂಜು:

ಮಾರ್ಮನರು ಎಂದರೆ ನಾನೂ ಸೇರುತ್ತೇನೆ ಸರ್. ಸಾಲ್ಟ್ ಲೇಕಿನಲ್ಲಿ ಬಟ್ಟೆ ಒಗೆಯುತ್ತಿದ್ದವಳೂ ಸೇರುತ್ತಾಳೆ. ‘ಸೀಡರ್ ಸಿಟಿ ಸುತ್ತಿನ ಮಾರ್ಮನ್ ಸೇನಾದಳದವರು’ ಎನ್ನಿ.

ಸಂಶಯಾತ್ಮ:

‘ತಮ್ಮ ಚರ್ಚಿನ ಮುಖಂಡರ ಮಾತಿನಂತೆ’ ಎಂದು ಸೇರಿಸದಿದ್ದರೆ ನಾನು ಒಪ್ಪುವುದಿಲ್ಲ.

ಬೆಳಗಿನ_ಮಂಜು:

‘ಸ್ಥಳೀಯ’ ಮುಖಂಡರ.

ಸಂಶಯಾತ್ಮ:

ಸರಿ, ಸ್ಥಳೀಯ. ಸದ್ಯಕ್ಕೆ.

ಹಳೆಕಡತ:

ಈಗ ಹೀಗಾಯಿತು: ‘1857ರ ಸೆಪ್ಟೆಂಬರ್ 11ರಂದು ಸೀಡರ್ ಸಿಟಿ ಸುತ್ತಿನ ಮಾರ್ಮನ್ ಸೇನಾದಳದವರು, ತಮ್ಮ ಚರ್ಚಿನ ಸ್ಥಳೀಯ ಮುಖಂಡರ ಮಾತಿನಂತೆ, ಕೆಲವು ಪಯೂಟರೊಡನೆ ಸೇರಿ, ಕಾಪಾಡುತ್ತೇವೆಂದು ನಂಬಿಸಿ, ಆರ್ಕನ್ಸಾದ ಸುಮಾರು 120 ಗಂಡಸರು, ಹೆಂಗಸರು, ಮಕ್ಕಳನ್ನು ಕೊಂದರು.’

ದೂರದ_ಗಾಡಿ:

ನಿನ್ನೆ ಫೋನಿನಲ್ಲಿ ಅಮ್ಮನಿಗೆ ಓದಿ ಹೇಳಿದೆ. ಉದ್ದವಾಯಿತು ಎಂದರು. ಆ ಹದಿನೇಳು ಮಕ್ಕಳನ್ನು ಯಾರು ಸಾಕಿದರು ಎಂದೂ ಕೇಳಿದರು. ಎರಡು ವರ್ಷ ಮಾರ್ಮನ್ ಮನೆಗಳೇ ಸಾಕಿದವು, 1859ರಲ್ಲಿ ಸರ್ಕಾರದವರು ಹುಡುಕಿ ಆರ್ಕನ್ಸಾಗೆ ಕಳಿಸಿದರು ಎಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿರಲಿಲ್ಲ.

ಕನ್ನಡ_ಮೇಷ್ಟ್ರು:

ವಾಕ್ಯದಲ್ಲಿ ‘ಪಯೂಟರೊಡನೆ ಸೇರಿ’ ಎಂದಿರುವುದು ನನಗೆ ಒಪ್ಪಿಗೆಯಿಲ್ಲ. ಸೇರಿ ಎಂದರೆ ಸಮಪಾಲು. ‘ಪಯೂಟರನ್ನು ಸೇರಿಸಿಕೊಂಡು’ ಎನ್ನಬೇಕು.

ಸಂಶಯಾತ್ಮ:

ಗುಡ್ಡದ ಮೇಲಿಂದ ನೋಡಿದರು ಎನ್ನುವವರ ಮಾತು ನಿಜವಾದರೆ ‘ಸೇರಿಸಿಕೊಂಡು’ ಎಂಬುದೂ ತಪ್ಪು, ಮೇಷ್ಟ್ರೇ.